ಬೆಳ್ಳಿ ಕಾಗದ ಸುತ್ತಿದ ಫ್ಯೂಸ್

ಕಡೂರಿನ ಈ ಬಾಡಿಗೆ ಮನೆಯಲ್ಲಿ ಕಪಾಟು ಜೋಡಿಸುವಾಗ ನನ್ನ ಹಳೆಯ ನೋಟ್‌ಬುಕ್ ಸಿಕ್ಕಿತು. ಅದರ ಒಂದು ಮೂಲೆಗೆ ಕರಗಿದ ವೈರಿನ ಕಪ್ಪು ಪ್ಲಾಸ್ಟಿಕ್ ಇನ್ನೂ ಅಂಟಿಕೊಂಡಿದೆ. ಮೂಗಿನ ಹತ್ತಿರ ಹಿಡಿದೆ. ವಾಸನೆ ನಿಜವಾಗಿ ಇತ್ತೋ, ಇದೆಯೆಂದು ನಾನೇ ಅಂದುಕೊಂಡೆನೋ... ಕೆಳಗಿಟ್ಟು ಕೈ ತೊಳೆದುಕೊಂಡೆ.

ಆಗ ನಾನು ಅಜ್ಜಂಪುರದಿಂದ ತರೀಕೆರೆಯ ಕಾಲೇಜಿಗೆ ಪಾಠ ಮಾಡಲು ಅಪ್ಪನ ಹಳೆಯ ಬೈಕಿನಲ್ಲಿ ಹೋಗುತ್ತಿದ್ದೆ. ಅದರ ಮೀಟರಿನಲ್ಲಿ ಏನೋ ದೋಷವಿತ್ತು. ಪೆಟ್ರೋಲ್ ಮುಳ್ಳು ಇದ್ದಕ್ಕಿದ್ದಂತೆ ಸೊನ್ನೆಗೆ ಬೀಳುತ್ತಿತ್ತು. ನ್ಯೂಟ್ರಲ್‌ನ ಹಸಿರು ದೀಪ ಮಿನುಗಿ ಆರುತ್ತಿತ್ತು. ಇಬ್ಬರು ಮೆಕ್ಯಾನಿಕ್‌ಗಳು ಬಲ್ಬು ಬದಲಿಸಿ ಕಳಿಸಿದ್ದರು. ಕೊನೆಗೆ, ಯಾವಾಗ ಏನಾಗುತ್ತದೆ ಎಂದು ನಾನೇ ಈ ನೋಟ್‌ಬುಕ್ಕಿನಲ್ಲಿ ದಿನವೂ ಬರೆದಿಡತೊಡಗಿದೆ.

ಅದನ್ನು ಪೂರ್ತಿ ಓದಿಸಿಕೊಂಡವರು ತರೀಕೆರೆಯಲ್ಲಿ ಗಾಡಿಗಳ ವೈರಿಂಗ್ ಮಾಡುತ್ತಿದ್ದ ಸಾಬ್ರು ಒಬ್ಬರೇ. ಕಣ್ಣು ಮುಚ್ಚಿ ಕೇಳುತ್ತಿದ್ದವರು, "ಹ್ಯಾಂಡಲ್ ಎಡಕ್ಕೆ ತಿರುಗಿಸಿದಾಗ ಮಾತ್ರ" ಎಂಬಲ್ಲಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿದರು.

"ಡಾಕ್ಟ್ರ ಹತ್ರ ಕಾಯಿಲೆ ಹಿಂಗೆ ಹೇಳ್ಬೇಕು ಕಣಮ್ಮ. ಅರ್ಧ ರಿಪೇರಿ ನೀನೇ ಮಾಡ್ಕೊಂಬಂದಿದೀಯ."

ಪಕ್ಕದ ಪಂಕ್ಚರ್ ಅಂಗಡಿಯವನು ಕೂಗಿದ: "ಸಾಬ್ರೇ, ಆ ಗಾಡೀನ ಗುಜರಿಗೆ ಹಾಕ್ಸಿ, ಮೇಡಮ್ಮೋರಿಗೆ ಬಸ್ ಪಾಸ್ ಮಾಡ್ಸಿಕೊಡಿ."

"ಮೊದ್ಲು ನಿನ್ನ ಹಾಕ್ತೀನಿ ಗುಜರಿಗೆ. ಸುಮ್ನಿರಲೇ."

ಅವರ ಬಳಿ ಇದ್ದದ್ದು ಎರಡು ವೈರು ಕಟ್ಟಿದ ಒಂದು ಸಣ್ಣ ಬಲ್ಬು. ಅದನ್ನು ಒಂದೊಂದೇ ಜಾಗಕ್ಕೆ ಮುಟ್ಟಿಸುತ್ತಾ ಕರೆಂಟು ಎಲ್ಲಿಯವರೆಗೆ ಬಂದಿದೆ ಎಂದು ನೋಡುತ್ತಿದ್ದರು. "ಎಲ್ರೂ ಬಲ್ಬಿಂದ ಶುರು ಮಾಡ್ತಾರೆ. ನಾನು ಫ್ಯೂಸಿಂದ ಶುರು ಮಾಡ್ತೀನಿ" ಎಂದರು. ದೋಷ ಇದ್ದದ್ದು ಟ್ಯಾಂಕಿನ ಮುಂದೆ, ಹ್ಯಾಂಡಲ್‌ನ ಕುತ್ತಿಗೆಯಲ್ಲಿ. ಅಲ್ಲಿ ವೈರುಗಳ ಕಂತೆ ಬಾಗಿ ಬಾಗಿ ಒಂದು ವೈರಿನ ಹೊದಿಕೆ ಸವೆದು ಕಬ್ಬಿಣಕ್ಕೆ ತಾಗುತ್ತಿತ್ತು. ಪೂರ್ತಿ ಬಿಚ್ಚಲು ಒಂದು ದಿನ ಬೇಕಿತ್ತು. ಪರೀಕ್ಷೆಗಳು ಮುಗಿಯಲಿ ಎಂದೆ. ಹೊಸ ಫ್ಯೂಸ್ ಹಾಕಿ, ಇನ್ನೆರಡು ಕೈಗೆ ಕೊಟ್ಟರು.

"ಹೋದ್ರೆ ಹೋಗ್ಲಿ. ಅದು ಇರೋದೇ ಹೋಗಕ್ಕೆ, ವೈರು ಸುಡದಂಗೆ. ಎರಡೂ ಮುಗಿದ್ರೆ ಗಾಡಿ ಅಲ್ಲೇ ನಿಲ್ಸು. ಬೇರೆ ಏನೂ ಸುತ್ತಬ್ಯಾಡ, ತಿಳೀತಾ?"

ಶಿವನಿಯಲ್ಲಿ ಪರೀಕ್ಷೆಯ ಕೆಲಸಕ್ಕೆ ಹೊರಟ ದಿನ ಅವರು ಕೊಟ್ಟ ಎರಡನೆಯ ಫ್ಯೂಸೂ ಹೋಯಿತು. ಆಗಲೇ ತಡವಾಗಿತ್ತು. ದಾರಿಬದಿಯ ಟೀ ಅಂಗಡಿಯವನು ಸಿಗರೇಟ್ ಪ್ಯಾಕಿನೊಳಗಿನ ಬೆಳ್ಳಿ ಕಾಗದ ಹರಿದುಕೊಟ್ಟು, "ಎಲ್ರೂ ಇದನ್ನೇ ಸುತ್ಕೊಳ್ಳೋದು ಮೇಡಂ" ಎಂದ. ಸುತ್ತಿದೆ. ಗಾಡಿ ಹೊರಟಿತು. ಅಂದು ಪುಸ್ತಕದಲ್ಲಿ ಏನೂ ಬರೆಯಲಿಲ್ಲ.

ಆಮೇಲೆ ಫ್ಯೂಸ್ ಹೋಗಲೇ ಇಲ್ಲ. ಒಂದೆರಡು ಸಲ ಟ್ಯಾಂಕಿನ ಕೆಳಗಿನಿಂದ ಕಮರು ವಾಸನೆ ಬಂತು. ಬಿಸಿಲಿಗೆ ಇರಬಹುದು ಎಂದುಕೊಂಡೆ.

ರಜೆ ಶುರುವಾದ ಮೇಲೆ ಬೈಕನ್ನು ಸಾಬ್ರ ಬಳಿ ಒಯ್ದೆ. ಟ್ಯಾಂಕಿನ ಮೇಲೆ ನನ್ನ ಪುಸ್ತಕ ಬಿಚ್ಚಿಟ್ಟುಕೊಂಡು ಕೇಳಿದರು: "ಫ್ಯೂಸು?"

"ನೀವು ಕೊಟ್ಟಿದ್ದೇ ಇದೆ."

ಅವರ ಕಣ್ಣಲ್ಲಿ ನಾನು ಅಚ್ಚುಕಟ್ಟಿನ ಹುಡುಗಿಯಾಗಿದ್ದೆ. ಅದನ್ನು ಕಳೆದುಕೊಳ್ಳಲು ನನಗೆ ಇಷ್ಟವಿರಲಿಲ್ಲ, ಅಷ್ಟೆ. ಬೇರೆ ಯಾರೇ ಹೇಳಿದ್ದರೂ ಅವರು ಬೈಕಿನ ಪಕ್ಕದ ಮುಚ್ಚಳ ತೆಗೆದು ಫ್ಯೂಸನ್ನು ಕಣ್ಣಾರೆ ನೋಡುತ್ತಿದ್ದರು. ನನ್ನ ಮಾತಿಗೆ ಸುಮ್ಮನೆ ತಲೆಯಾಡಿಸಿದರು.

ಹೆಡ್‌ಲೈಟ್ ಬಿಚ್ಚಿ ಎಡಗೈಯಲ್ಲಿ ವೈರಿನ ಕಂತೆ ಹಿಡಿದರು. ಕೀ ಆನ್ ಮಾಡಿ ಬಲಗೈಯಲ್ಲಿ ಹ್ಯಾಂಡಲನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದರು. ಮೀಟರಿನ ದೀಪಗಳೆಲ್ಲ ಒಮ್ಮೆಗೇ ಆರಿದವು. ಹೊಗೆ ಬಂತು. ಕರಗಿದ ವೈರುಗಳು ಅವರ ಬೆರಳುಗಳಿಗೆ ಅಂಟಿಕೊಂಡವು. ಆ ಕೈಯನ್ನು ಕೊಡವಿ, ಇನ್ನೊಂದು ಕೈಯಲ್ಲಿ ಮುಚ್ಚಳ ಕಿತ್ತು ಬ್ಯಾಟರಿಯ ವೈರು ಎಳೆದರು. ಆಮೇಲೆ ಅಲ್ಲಿದ್ದ ಫ್ಯೂಸನ್ನೇ ನೋಡುತ್ತಾ ನಿಂತರು.

ಪಂಕ್ಚರ್ ಅಂಗಡಿಯವನು ಬಕೆಟ್ ಹಿಡಿದು ಓಡಿ ಬಂದ. "ಏನಾಯ್ತು ಸಾಬ್ರೇ?"

ಸಾಬ್ರು ಫ್ಯೂಸನ್ನು ಬೆಳ್ಳಿ ಕಾಗದದ ಸಮೇತ ಕಿತ್ತು ಮುಷ್ಟಿಯೊಳಗೆ ಮುಚ್ಚಿಕೊಂಡರು.

"ಏನಿಲ್ಲ. ಫ್ಯೂಸ್ ನೋಡ್ದಲೆ ಕೀ ತಿರುಗಿಸ್ಬಿಟ್ಟೆ. ವಯಸ್ಸಾಯ್ತು ನಂಗೆ."

ನನ್ನ ಕಡೆ ತಿರುಗಲಿಲ್ಲ.

ಗಾಯ ಮಾಗಿದರೂ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗೆ ಸ್ಪರ್ಶ ಮರಳಲಿಲ್ಲ. ಕೂದಲೆಳೆಯಂಥ ತಂತಿಗಳನ್ನು ಬೆರಳಲ್ಲೇ ಹೊಸೆದು ಸೇರಿಸುತ್ತಿದ್ದವರು ಅವರು. ಹೇಳಿಬಿಡಬೇಕೆಂದು ಒಮ್ಮೆ ಹೋದೆ. ಟೀ ತರಿಸಿದರು. "ಗಾಡಿ ಸರಿಹೋಯ್ತಾ?" ಎಂದು ಕೇಳಿದರು. ಪಂಕ್ಚರ್ ಅಂಗಡಿಯವನು ಅಲ್ಲೇ ಕೂತಿದ್ದ. ಟೀ ಕುಡಿದು ಎದ್ದು ಬಂದೆ. ಮುಂದಿನ ಸಲ ಹೋದಾಗ ಸಾಬ್ರ ಅಂಗಡಿಯಲ್ಲಿ ಮೊಬೈಲ್ ಕವರುಗಳು ತೂಗುತ್ತಿದ್ದವು. ಕಳೆದ ವರ್ಷ ತರೀಕೆರೆಯಿಂದ ಬಂದ ಯಾರೋ, ಮಾತಿನ ನಡುವೆ, ಸಾಬ್ರು ತೀರಿಕೊಂಡರೆಂದರು...

ಪುಸ್ತಕ ಈಗ ಮೇಜಿನ ಮೇಲಿದೆ. ಶಿವನಿಯ ದಿನದ ಜಾಗ ಖಾಲಿ ಇತ್ತು. ಪೆನ್ನು ತೆಗೆದುಕೊಂಡು ಬರೆದೆ: "ಫ್ಯೂಸಿಗೆ ಬೆಳ್ಳಿ ಕಾಗದ ಸುತ್ತಿದ್ದೇನೆ." ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದಿದೆ. ಕೈ ಎತ್ತಿ ನಿಲ್ಲಿಸುವವರು ಯಾರೂ ಇರಲಿಲ್ಲ.