ಪಪ್ಪಾಯಿ ಬೆಳೆಯದ ಅಂಗಳ

ನೀರಿಗೆ ನೆನೆದ ಫರ್ಸಿ ಹಾಸುಗಲ್ಲಿನ ವಾಸನೆ ಬಂದರೆ ಸಾಕು, ನಾನು ಶಹಾಬಾದಿನ ಶಾಲೆಯಲ್ಲಿ ಮತ್ತೆ ಹಾಜರಿ ಕೊಡುತ್ತೇನೆ. ಅಲ್ಲಿ ನಮಗೆ ವಿಜ್ಞಾನ ಕಲಿಸುವ ಅಕ್ಕೋರು ಆಟದಂಗಳದ ಅಂಚಿಗೆ ಪಪ್ಪಾಯಿ ಸಸಿ ನೆಡಿಸಿದ್ದರು. ಅವು ಬದುಕದಿದ್ದರೆ ಅಂಗಳಕ್ಕೆಲ್ಲ ಫರ್ಸಿ ಹಾಸಿಸುವುದಾಗಿ ಹೆಡ್‌ಮಾಸ್ತರರು ಹೇಳಿದ್ದರು. ನಮ್ಮ ಖೋಖೋ, ಮೊಣಕಾಲು ಎರಡೂ ಅಪಾಯದಲ್ಲಿದ್ದವು. ಮಳೆನೀರು ನೆಟ್ಟ ಗುಂಡಿಗಳಲ್ಲೇ ನಿಂತು ಸಸಿಗಳು ಕೊಳೆತವು.

“ಫರ್ಸಿ ಹಾಸಸ್ಲೇನ್ರಿ ಅಕ್ಕೋರೆ?” ಎಂದರು ಹೆಡ್‌ಮಾಸ್ತರರು.

ಅಕ್ಕೋರು ಗುಂಡಿಯ ತಳಕ್ಕೆ ಗುದ್ದಲಿ ಬಡಿದರು. ಠಣ್ ಎಂದಿತು. “ದೇವರು ಕೆಳಗ ಮೊದಲೇ ಹಾಸ್ಯಾನ್ರಿ ಸರ್. ನೀರು ಯಾಕ ಇಂಗಿಲ್ಲ ಅಂತ ಈಗ ಹುಡುಗರಿಗೆ ಗೊತ್ತಾತು. ನೀವೂ ಇಳೀರಿ.”

ಹೆಡ್‌ಮಾಸ್ತರರು ನಕ್ಕು, ಪ್ಯಾಂಟು ಮಡಚಿ ಇಳಿದರು. ಫರ್ಸಿಯ ಮಾತು ಅಲ್ಲೇ ಮುಗಿಯಿತು, ಅಂಗಳ ಉಳಿಯಿತು.

ಈಗ ನನ್ನ ಮಗಳು ಡಬ್ಬಿಯಲ್ಲಿ ಬಿತ್ತಿದ ತೊಗರಿ ಮೊಳೆತಿಲ್ಲ. ಯಾಕೆಂದು ಇಬ್ಬರೂ ಮಣ್ಣು ಕೆದಕುತ್ತಿದ್ದೇವೆ. ಮೈಯೆಲ್ಲ ಮಣ್ಣಾದ ನಮ್ಮನ್ನು ಅವಳಮ್ಮ ಒಳಗೆ ಬಿಡಲೊಲ್ಲಳು.