ನೆಲ ತಟ್ಟಿದವನ ಸವಾಲು

ಗೆಳೆಯರೇ, ಇಂದು ಸಿಂದಗಿಯ ನಮ್ಮ ಮನೆಯೊಳಗೆ ಒಬ್ಬನ ಕೈ ಮುರಿಯುವುದರಲ್ಲಿತ್ತು! ಗಾಬರಿ ಬೇಡ, ಟಿವಿಯಲ್ಲಿ. ಯಾರೂ ಹೆಸರು ಕೇಳದ ಇಬ್ಬರು ವಿದೇಶಿ ಜಟ್ಟಿಗಳ ಕಾದಾಟದ ಸಿ.ಡಿ. ಹಾಕಿದ್ದೆ. ಸಣಕಲನೊಬ್ಬ ದೈತ್ಯನ ಕೈ ತಿರುಚಿ ಹಿಡಿದ. ದೈತ್ಯ ಪಟಪಟನೆ ನೆಲ ತಟ್ಟಿದ. ಸಣಕಲ ತಕ್ಷಣ ಬಿಟ್ಟ.

ಜೊತೆಗಿದ್ದ ಗೆಳೆಯ ಮಲ್ಲಪ್ಪ, ಹೊರ್ತಿಯ ಹಳೆಯ ಪೈಲ್ವಾನ, ಸಿಟ್ಟಿನಿಂದ ಎದ್ದ. “ದೊಡ್ಡಾಂವ ಸವಾಲ್ ಹಾಕ್ಯಾನ, ಸಣ್ಣಾಂವ ಅಂಜಿ ಕೈ ಬಿಟ್ಟಾನ. ಬಂದ್ ಮಾಡಲೇ ಇದನ್ನ!”

“ಲೇ ಮಲ್ಲ್ಯಾ, ತೊಡಿ ತಟ್ಟಿದ್ರ ಸವಾಲು, ಇವರಾಗ ನೆಲ ತಟ್ಟಿದ್ರ ಸೋಲು!” ಎಂದೆ.

ಮಲ್ಲಪ್ಪ ಮೆಲ್ಲಗೆ ಕುಳಿತ. “ಸೋತೆ ಅಂದಕೂಡ್ಲೆ ಬಿಟ್ಟಾನಲ್ಲೋ! ಹಂಗಾರ ಸಣ್ಣಾಂವನೇ ಖರೆ ಪೈಲ್ವಾನ.”

ಆ ಮಾತು ನನಗೂ ತಟ್ಟಿತು. ಒಂದು ನಿಜ ಒಪ್ಪಿಕೊಳ್ಳುತ್ತೇನೆ. ನಿನ್ನೆ ಒಬ್ಬನೇ ನೋಡುವಾಗ, ಸಿ.ಡಿ. ಡಬ್ಬಿಯ ಮೇಲಿನ ನಿಯಮ ಓದುವ ಮುನ್ನ, ದೈತ್ಯನೇ ಗೆದ್ದನೆಂದು ನಾನು ಶಿಳ್ಳೆ ಹೊಡೆದಿದ್ದೆ.