ಟೊಪಗಿ ಹಾಕಿದ ದೀಪ

ನನ್ನ ಲಗ್ನ ಗಟ್ಟಿಯಾದ ವರ್ಷ ಸೊಲ್ಲಾಪುರದಾಗ ಮನಿಮನಿಗೂ ಸ್ಟೀಲಿನ ಹುಚ್ಚು. ಹಿತ್ತಾಳಿ ಕೊಟ್ಟು ಸ್ಟೀಲ ತಗೊಳ್ಳೂದೇ ಶಾಣ್ಯಾತನ ಅಂತ ಎಲ್ಲಾರೂ ತಿಳಕೊಂಡಿದ್ರು. ನಮ್ಮಪ್ಪ ಅರಿವಿ ವ್ಯಾಪಾರದವರು, ಅವರೇನು ಹಿಂದ ಬೀಳ್ತಾರ? ಅವ್ವನ ಟ್ರಂಕನೂ ತಗಸಿದ್ರು.

ಅವ್ವ ಹೋದಾಗ ನಾ ಅಂಬೆಗಾಲಿಡೂ ಕೂಸು. ಅಕಿ ಮಾರಿ ನೆನಪಿಲ್ಲ, ಒಂದು ಫೋಟೋ ಸೈತ ಇಲ್ಲ. ನನ್ನ ಬೆಳಸಿದಾಕಿ ಅಪ್ಪನ ಅಕ್ಕ, ನಮ್ಮತ್ತಿ. ಅವ್ವನ ತವರು ಅಕ್ಕಲಕೋಟ. ಅಲ್ಲಿಂದ ಯಾವ ಹೆಣ್ಣಮಗಳು ಬಂದ್ರೂ ಅವ್ವ ಹಿಂಗೇ ಇದ್ದಿರಬೇಕು ಅಂತ ನಾ ನೋಡಕೋತ ಕೂಡತಿದ್ದೆ. ಟ್ರಂಕಿನಾಗಿನ ಸೀರಿ ಮಡಿಕಿ ಮಡಿಕಿಗೂ ಹರದುಹೋಗಿದ್ವು. ತಳದಾಗ ಕರ್ರಗಾದ ಒಂದು ಹಿತ್ತಾಳಿ ದೀಪ ಇತ್ತು.

ದೀಪ ಅನ್ನೂದೂ ಅನುಮಾನನೇ. ಎಣ್ಣಿ ಹಾಕೂ ಬಟ್ಟಲ ಇತ್ತು, ಬತ್ತಿ ಇಡೂ ಮೂತಿ ಇತ್ತು. ಆದ್ರ ಹಿಂದಿನಿಂದ ಒಂದು ಕಡ್ಡಿ ಎದ್ದು, ಅದರ ತುದಿಗೆ ಇನ್ನೊಂದು ಬಟ್ಟಲ ಬತ್ತಿ ಮ್ಯಾಲ ಬೋರಲಾಗಿ ಕುಂತಿತ್ತು. ಲೋಬಾನದ್ದು ಇರಬೇಕು ಅಂದ್ರು ಅಪ್ಪ. ಓಣಿ ಮಾಸ್ತರರು ಗಾಳ್ಯಾಗ ಒಯ್ಯೂ ದೀಪ ಅಂದ್ರು. ಹಿಡಿಕಿ ಎಲ್ಲಿ ಅಂತ ಕೇಳಿದ್ರ ಕೆಮ್ಮಿದ್ರು. ದೀಪ ಹಚ್ಚಿ ಅದಕ್ಕ ಟೊಪಗಿ ಹಾಕೂ ಮಂದಿ ಅಕ್ಕಲಕೋಟದಾಗಷ್ಟೇ ಸಿಗತಾರ ಅಂತ ಅತ್ತಿ ನಕ್ಕಳು.

ಯಾರಿಗೂ ಗೊತ್ತಿಲ್ಲಂದ್ರ ಸ್ಟೀಲಿಗೆ ಹಾಕೂಣು ಅಂದ್ರು ಅಪ್ಪ. ನಾ ಅದನ್ನ ಅವರ ಕೈಯಿಂದ ಕಸಗೊಂಡೆ. ಅವ್ವ ಕೈಯಾಡಿಸಿದ್ದು ಅಂತ ಉಳದದ್ದು ಅದೊಂದೇ. ಅದು ಏನು ಅಂತ ತಿಳೀದ ಗಂಡನ ಮನಿಗೆ ಹೋಗೂದಿಲ್ಲ ಅಂತ ಹಟ ಹಿಡದೆ. ಕಡೀಕ ಅಪ್ಪ, ಅಕ್ಕಲಕೋಟದಾಗ ಅವ್ವನ ಅಕ್ಕ ಇದ್ದಾಳಲ್ಲ, ಅಕಿಗೆ ತೋರಿಸಿ ಬಾ ಅಂದ್ರು. ಅವ್ವ ಹೋದಮ್ಯಾಲ ಆ ಮನಿಗೆ ಹೋಗಿ ಬರೂದು ಕಡಿಮಿ ಆಗಿತ್ತು.

ಅವ್ವನ ತವರಿಗೆ ಕರೀ ಹಿತ್ತಾಳಿ ಒಯ್ದ್ರ ಮಂದಿ ಏನಂದಾರು? ಅತ್ತಿ, ನಾ ಇಬ್ಬರೂ ಕುಂತು ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕಿದ್ವಿ. ಬೋರಲ ಬಟ್ಟಲಿನ ಒಳಗಿನ ಕರಿ ಏನು ಮಾಡಿದ್ರೂ ಬಿಡಲೊಲ್ದು. ಅತ್ತಿ ಸೋಲೂ ಪೈಕಿ ಅಲ್ಲ, ತೆಂಗಿನ ನಾರು ಹಾಕಿ ಬಂಗಾರದಂಗ ಮಾಡಿದ್ಲು. ನಾನೂ ನೋಡಿ ಹಿಗ್ಗಿದೆ.

ಅಕ್ಕಲಕೋಟದಾಗ ದೊಡ್ಡವ್ವ ನೋಡಿದ ಕೂಡ್ಲೇ ಗುರ್ತು ಹಿಡದ್ಲು. ಅದು ಬಾಣಂತಿ ಕೋಣ್ಯಾಗಿನ ಕಾಡಿಗಿ ದೀಪ. ಔಡಲ ಎಣ್ಣಿ ಹಾಕಿ ಹಚ್ಚಿದ್ರ ಮ್ಯಾಲಿನ ಬಟ್ಟಲಿಗೆ ಮಸಿ ಹಿಡೀತದ, ಅದನ್ನ ತುಪ್ಪದಾಗ ಕಲಸಿ ಕೂಸಿಗೆ ಹಚ್ಚೂದು. ಮೊದಲನೇ ಬಾಣಂತನ ತವರಾಗ ಆಗೂದು, ಅದಕ್ಕ ನಿಮ್ಮ ಮನಿಯವರು ಇದನ್ನ ಹಚ್ಚಿದ್ದು ನೋಡಿಲ್ಲ, ಅವರು ಕಾಡಿಗಿ ತಾಟಿಗೆ ಹಿಡೀತಾರ ಅಂದ್ಲು. ನನ್ನ ಕಾಡಿಗಿ ಅವ್ವ ತಾನೇ ತಗೀತಿದ್ಲಂತ. ಗಲ್ಲಕ್ಕ ಇಡೂ ಬೊಟ್ಟು ಎಷ್ಟು ದೊಡ್ಡದಂದ್ರ, ಕೂಸು ಹಡದಿಯೋ ಕರಿ ಬೆಕ್ಕು ಹಡದಿಯೋ ಅಂತ ದೊಡ್ಡವ್ವ ಬೈತಿದ್ಲಂತ. ಇನ್ನೂ ಹೇಳು, ಇನ್ನೂ ಹೇಳು ಅಂದೆ.

ಅಕಿ ಹೇಳಕೋತನೇ ಬಟ್ಟಲ ತಿರುವಿ ಒಳಗ ಬೆರಳಾಡಿಸಿದ್ಲು. ಬೆರಳಿಗೆ ಏನೂ ಹತ್ತಲಿಲ್ಲ.

"ಇದರಾಗಿನ ಮಸಿ?"

ತಿಕ್ಕಿದ್ವಿ ಅಂದೆ. ದೊಡ್ಡವ್ವ ದೀಪ ಕೆಳಗಿಟ್ಟಳು. ಆಮ್ಯಾಲ ಮೆಲ್ಲಕ ಅಂದ್ಲು:

"ಅಕಿ ತೊಳ್ಯಾಕ ಬಿಡ್ತಿದ್ದಿಲ್ಲವ್ವಾ. ಇರಲಿ, ಮುಂದಿನ ಕೂಸಿಗೂ ಇದರಾಗೇ ತಗೀತೀನಿ ಅಂತಿದ್ಲು."

ಅವ್ವ ಸತ್ತದ್ದನ್ನ ನನಗ ಎಲ್ಲಾರೂ ಹೇಳಿದ್ರು. ಅಕಿ ಇನ್ನೂ ಬಾಳ ದಿವಸ ಇರಬೇಕಂತ ಮಾಡಿದ್ಲು ಅನ್ನೂದು ಆವತ್ತು ಗೊತ್ತಾತು. ಲಗ್ನದ ಹುಡುಗಿ ಅಳಬಾರದು ಅಂತ ದೊಡ್ಡವ್ವ ಅನ್ನೂದ್ರಾಗ ನಾ ಅಕಿ ತೊಡಿಮ್ಯಾಲ ಬಿದ್ದು "ಅವ್ವಾ" ಅಂತ ಅತ್ತೆ. ಬುದ್ಧಿ ಬಂದಮ್ಯಾಲ ನಾ ಹಂಗ ಯಾರನ್ನೂ ಕರದಿದ್ದಿಲ್ಲ.